ಬಿಳಿಗಿರಿಯ ಕ್ರೇನು

೧೯೮೦ ಜೂನ್ ೧೫, ಭಾನುವಾರ. ತಾಳವಾಡಿ

ಮನೆಮಾತು ಕನ್ನಡವಾದರೂ ಊರು ತಮಿಳುನಾಡಿನದು, ಆಫೀಸಿನಲ್ಲಿ ಬರೆಯುವುದೆಲ್ಲ ತಮಿಳು. ಯಾವ ತಿರುವಿನಲ್ಲಿ ಗೋಡೆ ಕುಸಿಯಿತು, ಎಷ್ಟು ಲೋಡು ಜಲ್ಲಿ ಬಿತ್ತು, ಯಾವ ಗ್ಯಾಂಗಿನವರು ಕೆಲಸಕ್ಕೆ ಬರಲಿಲ್ಲ, ಇಷ್ಟೇ. ದಿಂಬಂ ಘಾಟಿಯ ರಸ್ತೆ ನೋಡಿಕೊಳ್ಳುವ ರೋಡ್ ಇನ್‌ಸ್ಪೆಕ್ಟರ್‌ಗೆ ಅದಕ್ಕಿಂತ ಹೆಚ್ಚು ಬರೆಯಬೇಕಾದ್ದೂ ಇಲ್ಲ. ಕನ್ನಡದಲ್ಲಿ ಎರಡು ಸಾಲು ಬರೆದು ಎಷ್ಟು ವರ್ಷವಾಯಿತೋ. ಇವತ್ತು ಬರೆಯಬೇಕೆನಿಸಿತು. ಯಾರಿಗೂ ತೋರಿಸುವುದಕ್ಕಲ್ಲ.

ಮಗ ಬಿಳಿಗಿರಿ ಹೋಗಿ ಐದು ತಿಂಗಳಾಯಿತು. ಸಂಕ್ರಾಂತಿ ಕಳೆದ ಮೇಲೆ ಜ್ವರ ಬಂತು, ನೆತ್ತಿಗೇರಿತು. ಸತ್ಯಮಂಗಲದ ಆಸ್ಪತ್ರೆಗೆ ಕರೆದೊಯ್ಯುವಾಗ ಘಾಟಿಯಲ್ಲೇ ನನ್ನ ತೊಡೆಯ ಮೇಲೆ ಹೋದ. ಹನ್ನೊಂದು ವರ್ಷ. ಇಷ್ಟು ಬರೆದಾಯಿತು, ಇದರ ಬಗ್ಗೆ ಇನ್ನು ಬರೆಯುವುದಿಲ್ಲ.

ಬರೆಯಲು ಕೂತದ್ದು ಕ್ರೇನಿನ ವಿಷಯ. ಅವನು ಕೊನೆಗೆ ಕಟ್ಟಿದ ಆಟದ ಕ್ರೇನು ನಡುಮನೆಯ ಗಾಜಿನ ಬೀರುವಿನಲ್ಲಿದೆ. ತೂತು ಕೊರೆದ ಉಕ್ಕಿನ ಪಟ್ಟಿಗಳನ್ನು ನಟ್ಟು ಬೋಲ್ಟು ಹಾಕಿ ಜೋಡಿಸಿದ್ದು. ಕೆಂಪು ಪಟ್ಟಿಗಳ ಗೋಪುರ, ಅದರಿಂದ ಓರೆಯಾಗಿ ಚಾಚಿದ ಹಸಿರು ತೋಳು, ತೋಳಿನ ತುದಿಗೆ ಹಿತ್ತಾಳೆ ರಾಟೆ, ದಾರ, ಕೊಕ್ಕೆ. ಹಿಂದೆ ಒಂದು ಹಿಡಿಕೆ, ಅದನ್ನು ತಿರುಗಿಸಿದರೆ ಕೊಕ್ಕೆ ಮೇಲೇರುತ್ತದೆ. ನಾನು ತಿರುಗಿಸಿ ನೋಡಿಲ್ಲ. ಸ್ವಲ್ಪ ಮುಂದಕ್ಕೆ ವಾಲಿದೆ, ಆದ್ದರಿಂದ ತೋಳಿನ ಕೆಳಗೆ ಒಂದು ಮರದ ತುಂಡು ಕೊಟ್ಟಿದ್ದೇನೆ. ಅವನು ಬಿಗಿದ ಒಂದೊಂದು ನಟ್ಟೂ ಅವನು ಬಿಗಿದ ಹಾಗೆಯೇ ಇದೆ. ಅವನ ಕೈ ಮುಟ್ಟಿದ ಹಾಗೆಯೇ ಉಳಿದಿರುವುದು ಈ ಮನೆಯಲ್ಲಿ ಇದೊಂದೇ. ಬೀರುವಿಗೆ ಬೀಗ ಹಾಕಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದೇನೆ.

ಚಿಕ್ಕವಳು ಬೆಳಿಗ್ಗೆ ಬೀರುವಿನ ಮುಂದೆ ನಿಂತು, "ಅಪ್ಪ, ಒಂದ್ಸಲ ತೆಗಿಯಪ್ಪ" ಎಂದಳು. ಅವನ ತಂಗಿ ಪುಟ್ಟಿ, ಏಳು ವರ್ಷ. ಆಗುವುದಿಲ್ಲ ಎಂದೆ. ಅಲ್ಲೇ ನಿಂತಿದ್ದಳು, ಆಡಿಕೊ ಹೋಗು ಎಂದು ಕಳಿಸಿದೆ.

ಅವ್ವ ತನ್ನ ಎಲೆ ಅಡಿಕೆ ಕುಟ್ಟುವ ಕುಟ್ಟಾಣಿಯ ಬಾಯಿ ಸೊಟ್ಟಗಾಗಿದೆ, ಯಾರು ಬೀಳಿಸಿದರೋ ಎಂದು ಇವತ್ತೂ ಗೊಣಗಿದಳು. ಸಂಕ್ರಾಂತಿಯಿಂದ ಅದೇ ರಾಗ.

ಜುಲೈ ೨, ಬುಧವಾರ

ಮಳೆ. ಘಾಟಿಯಲ್ಲಿ ಬಿದಿರಿನ ಲಾರಿಯೊಂದು ಚರಂಡಿಗೆ ಇಳಿದು ಅರ್ಧ ದಿನ ಬಸ್ಸುಗಳೆಲ್ಲ ನಿಂತವು. ಹಗ್ಗ ಕಟ್ಟಿ, ಗ್ಯಾಂಗಿನವರನ್ನೆಲ್ಲ ಹಚ್ಚಿ ಎಳೆಸಿದೆ.

ಹೋದ ಡಿಸೆಂಬರಿನಲ್ಲಿ ಇದೇ ಜಾಗದಲ್ಲಿ ಲಾರಿ ಮಗುಚಿದಾಗ ಕೆಳಗಿನಿಂದ ನಿಜವಾದ ಕ್ರೇನು ತರಿಸಿದ್ದರು. ಬಿಳಿಗಿರಿಯನ್ನು ಕರೆದುಕೊಂಡು ಹೋಗಿದ್ದೆ. ಚಿಕ್ಕವಳೂ ಬರುತ್ತೇನೆಂದು ಅತ್ತಿದ್ದಳು, ಹೆಣ್ಣು ಹುಡುಗಿಗೆ ಅಲ್ಲೇನು ಕೆಲಸ ಎಂದು ಬಿಟ್ಟು ಹೋಗಿದ್ದೆ. ಅವನು ತಡೆಗೋಡೆಯ ಮೇಲೆ ಕೂತು ರೊಟ್ಟಿ ತಿನ್ನುವುದನ್ನೂ ಮರೆತು ನೋಡಿದ. ಎತ್ತುವ ಮೊದಲು ಕ್ರೇನು ನಾಲ್ಕೂ ಕಡೆ ಕಬ್ಬಿಣದ ಕಾಲು ಚಾಚಿ, ನೆಲ ಹಿಡಿದು ನಿಂತಿತು. "ಅದ್ಯಾಕಪ್ಪ ಕಾಲು?" ಎಂದು ಕೇಳಿದ. ಭಾರ ಎತ್ತುವವನು ಅಗಲವಾಗಿ ನಿಲ್ಲಬೇಕು, ಇಲ್ಲದಿದ್ದರೆ ತಾನೇ ಬೀಳುತ್ತಾನೆ ಎಂದೆ. ಮನೆಗೆ ಬಂದವನೇ ಬಿಸ್ಕತ್ ಡಬ್ಬದಿಂದ ಪಟ್ಟಿಗಳನ್ನೆಲ್ಲ ಸುರಿದುಕೊಂಡು ಕೂತ.

ಬಟ್ಟೆಯೆಲ್ಲ ಒದ್ದೆ. ಮಲಗುತ್ತೇನೆ.

ಜುಲೈ ೨೦, ಭಾನುವಾರ

ನನ್ನ ಹೆಂಡತಿ ಕೆಂಚಮ್ಮನ ತಮ್ಮ ಲಿಂಗಯ್ಯ ಮೈಸೂರಿನಿಂದ ಬಂದಿದ್ದ. ಅಲ್ಲಿ ಕಾಲೇಜೊಂದರ ವರ್ಕ್‌ಶಾಪಿನಲ್ಲಿ ಕೆಲಸ. ಹಳೆ ಸಾಮಾನಿನ ಅಂಗಡಿಯಲ್ಲಿ ಈ ಪಟ್ಟಿಗಳ ಮೆಕ್ಕಾನೋ ಪೆಟ್ಟಿಗೆಯನ್ನು ಹುಡುಕಿ ಅಕ್ಕನ ಮಗನಿಗೆ ತಂದುಕೊಟ್ಟವನು ಅವನೇ. ಪೆಟ್ಟಿಗೆ ಆಗಲೇ ಹರಿದಿತ್ತು. ಮುಚ್ಚಳದ ಮೇಲೆ ಒಬ್ಬ ಬಿಳಿಯ ಹುಡುಗ, ಅವನ ಹಿಂದೆ ಬಗ್ಗಿ ನೋಡುವ ಅಪ್ಪ. ಬಿಳಿಗಿರಿ ಆ ಚಿತ್ರ ತೋರಿಸಿ, ಇವನು ನಾನು, ಇವನು ನೀನು ಅನ್ನುತ್ತಿದ್ದ.

ಲಿಂಗಯ್ಯನಿಗೆ ಇದರ ಕಥೆಯೆಲ್ಲ ಗೊತ್ತು. ಬಿಳಿಗಿರಿಗೆ ಎಷ್ಟು ಸಲ ಹೇಳಿದ್ದನೋ. ಲಿವರ್‌ಪೂಲಿನಲ್ಲಿ ಒಬ್ಬ ಗುಮಾಸ್ತನಿದ್ದನಂತೆ, ಮಾಂಸ ತರಿಸುವ ಕಂಪನಿಯಲ್ಲಿ. ತನ್ನ ಇಬ್ಬರು ಗಂಡುಮಕ್ಕಳಿಗೆ ತಗಡು ಕತ್ತರಿಸಿ ಆಟದ ಸೇತುವೆ, ಕ್ರೇನು ಮಾಡಿಕೊಡುತ್ತಿದ್ದ. ಒಂದೊಂದಕ್ಕೂ ಬೇರೆ ಬೇರೆ ತುಂಡು ಕತ್ತರಿಸಿ ಸಾಕಾಗಿ, ಎಲ್ಲ ಪಟ್ಟಿಗಳಿಗೂ ಅರ್ಧ ಇಂಚಿಗೊಂದರಂತೆ ಒಂದೇ ಸಮ ತೂತು ಕೊರೆದ. ಆಮೇಲೆ ಯಾವ ಪಟ್ಟಿ ಯಾವುದಕ್ಕಾದರೂ ಕೂಡುತ್ತದೆ. ಇವತ್ತಿನ ಸೇತುವೆ ಬಿಚ್ಚಿದರೆ ನಾಳೆಯ ಕ್ರೇನು. ಅವನು ಕಂಡುಹಿಡಿದದ್ದು ಇಷ್ಟೇ ಎನ್ನುತ್ತಾನೆ ಲಿಂಗಯ್ಯ. ಮೊದಲು ಬರೀ ಒರಟು ತಗಡು, ಆಮೇಲೆ ನಿಕಲ್ ಹೊಳಪು, ಆಮೇಲೆ ಈ ಕೆಂಪು ಹಸಿರು. ಯುದ್ಧದ ಕಾಲದಲ್ಲಿ ಕಾರ್ಖಾನೆಯವರು ಆಟದ ಸಾಮಾನು ನಿಲ್ಲಿಸಿ ಯುದ್ಧದ ಸಾಮಾನು ಮಾಡಿದರಂತೆ. ನನ್ನಪ್ಪನ ವಯಸ್ಸಿನವರು ಆಡಿದ ಪಟ್ಟಿಗೂ ಈಗಿನ ಪಟ್ಟಿಗೂ ತೂತು ಸರಿಯಾಗಿ ಕೂಡುತ್ತದೆ.

ಆ ಕಾರ್ಖಾನೆ ಹೋದ ವರ್ಷದ ಕೊನೆಯಲ್ಲಿ ಮುಚ್ಚಿತಂತೆ. ಕಾಲೇಜಿಗೆ ಬರುವ ಪತ್ರಿಕೆಯಲ್ಲಿ ಓದಿದೆ ಎಂದ. ಬಿಳಿಗಿರಿ ಇಲ್ಲಿ ಕ್ರೇನು ಕಟ್ಟುತ್ತಿದ್ದಾಗ ಅಲ್ಲಿ ಬಾಗಿಲು ಹಾಕಿಯಾಗಿತ್ತು.

ಲಿಂಗಯ್ಯ ಬೀರುವಿನ ಗಾಜಿಗೆ ಮುಖ ಒತ್ತಿ ನೋಡಿ ಹೇಳಿದ, "ಭಾವ, ಬಣ್ಣ ಎದ್ದಿರೋ ಕಡೆ ತುಕ್ಕು ಇಡೀತಾ ಅದೆ. ಇದ ಬಿಚ್ಚಿ ಎಣ್ಣೆ ಒರಸ್ಬೇಕು. ಇಲ್ದಿದ್ರೆ ಇನ್ನೆರಡ್ ಮಳೆಗಾಲಕ್ಕೆ ಒಂದೇ ಮುದ್ದೆ ಆಗೋಯ್ತದೆ."

ಬಿಚ್ಚುವ ಮಾತು ಈ ಮನೆಯಲ್ಲಿ ಬೇಡ ಎಂದೆ. ಜೋರಾಗಿಯೇ ಹೇಳಿದೆ ಅಂತ ಕಾಣುತ್ತದೆ. ಅವನು ಮಧ್ಯಾಹ್ನದ ಬಸ್ಸಿಗೇ ಹೊರಟ.

ಆಗಸ್ಟ್ ೧೦, ಭಾನುವಾರ

ಲಿಂಗಯ್ಯ ಹೇಳಿದ್ದು ನಿಜ. ಗೋಪುರದ ಬುಡದಲ್ಲಿ ತೂತುಗಳ ಸುತ್ತ ಕಂದು ಬಣ್ಣ ಹಬ್ಬುತ್ತಿದೆ. ಹೊಲಿಗೆ ಮಷೀನಿನ ಎಣ್ಣೆ ತಂದು, ಬೀರು ತೆರೆದು, ಕೋಳಿಪುಕ್ಕದಿಂದ ಹೊರಗಡೆ ಮಾತ್ರ ಸವರಿದೆ. ಒಳಗಡೆಗೆ ಪುಕ್ಕ ಹೋಗಲಿಲ್ಲ. ಗ್ಯಾಂಗಿನ ಮೇಸ್ತ್ರಿ ಬಂದು ಕರೆದ, ಮಾತಾಡಿ ವಾಪಸು ಬರುವಷ್ಟರಲ್ಲಿ ಚಿಕ್ಕವಳು ಬೀರುವಿನ ಮುಂದೆ ಮಣೆ ಹಾಕಿ ನಿಂತು ಗೋಪುರದೊಳಗೆ ಕೈ ತೂರಿಸಿದ್ದಳು.

ಹೊಡೆದೆ. "ಅಪ್ಪ, ಅಣ್ಣ ಇದ..." ಎಂದು ಏನೋ ಹೇಳಲು ಬಂದಳು. ಅಣ್ಣನ ಹೆಸರು ಎತ್ತಬೇಡ ಎಂದು ಇನ್ನೊಂದು ಕೊಟ್ಟೆ.

ಕೆಂಚಮ್ಮ ಅಡುಗೆಮನೆಯಿಂದ ಬಂದು ಅವಳನ್ನು ಎತ್ತಿಕೊಂಡು ಹೋದಳು. ನನ್ನ ಕಡೆ ನೋಡಲಿಲ್ಲ. ಕ್ರೇನಿಗೆ ಏನೂ ಆಗಿಲ್ಲ, ಎಲ್ಲ ನಟ್ಟು ನೋಡಿದೆ.

ಆಗಸ್ಟ್ ೧೧

ಊಟಕ್ಕೆ ಚಿಕ್ಕವಳು ನನ್ನ ಪಕ್ಕ ಕೂರಲಿಲ್ಲ. ಮಳೆ ನಿಂತಿಲ್ಲ.

ಆಗಸ್ಟ್ ೩೧, ಭಾನುವಾರ

ಸ್ಕೂಲಿನ ಟೀಚರಮ್ಮ ದಾರಿಯಲ್ಲಿ ಸಿಕ್ಕಿ, ನಿಮ್ಮ ಹುಡುಗಿ ಹಾಜರಿ ಕೂಗಿದರೂ ಬಾಯಿ ಬಿಡುವುದಿಲ್ಲ, ಎದ್ದು ನಿಲ್ಲುತ್ತಾಳೆ ಅಷ್ಟೇ ಎಂದರು. ಮನೆಯಲ್ಲಿ ಗಮನಿಸಿದೆ. ಅಜ್ಜಿಯ ಹತ್ತಿರ ಒಂದೆರಡು ಮಾತು, ಅವಳಮ್ಮನ ಹತ್ತಿರ ಹೂಂ ಉಹೂಂ. ನನ್ನ ಹತ್ತಿರ ಅದೂ ಇಲ್ಲ. ನಾನು ಬಂದರೆ ಎದ್ದು ಹಿತ್ತಲಿಗೆ ಹೋಗುತ್ತಾಳೆ. ತಟ್ಟೆಯಲ್ಲಿ ಅರ್ಧ ಮುದ್ದೆ ಹಾಗೇ ಇರುತ್ತದೆ.

ಮಕ್ಕಳು ಹಾಗೇ, ಸರಿಹೋಗುತ್ತಾಳೆ ಎಂದೆ. ಕೆಂಚಮ್ಮ ರಾಗಿ ಕೇರುತ್ತಿದ್ದಳು, ಮೊರ ಕೆಳಗಿಟ್ಟಳು.

"ಒಂದ್ ಕೂಸ ಮಣ್ಗಾಕ್ದೊ. ಇನ್ನೊಂದು ಕಣ್ ಮುಂದೆ ಇದ್ರೂವೆ ಇಲ್ದಂಗೆ ಆಗ್ತಾ ಅದೆ. ನಿಮ್ಗೆ ಆ ಕಬ್ಬುಣ್ದ ತುಕ್ಕು ಕಾಣ್ತದೆ, ಇದು ಕಾಣಲ್ವಾ?"

ಹೆಂಗಸರಿಗೆ ಹೇಗೆ ಹೇಳುವುದು. ಕೆಂಚಮ್ಮ ಅವನ ಅಂಗಿಗಳನ್ನು ಒಗೆದು ಯಾರಿಗೋ ಕೊಟ್ಟುಬಿಟ್ಟಳು. ಅವ್ವ ಅವನ ಚಾಪೆಯ ಮೇಲೆ ಮಲಗುತ್ತಾಳೆ. ಎಲ್ಲರೂ ಒಂದೊಂದು ಅಳಿಸಿದರೆ ಅವನು ಇದ್ದದ್ದಕ್ಕೆ ಗುರುತು ಏನು?

ಸೆಪ್ಟೆಂಬರ್ ೧೪, ಭಾನುವಾರ

ಹಸುವಿಗೆ ಹುಲ್ಲು ಹಾಕಲು ಕೊಟ್ಟಿಗೆಗೆ ಹೋದರೆ ಗೊಂತಿನ ಹಿಂದೆ ಜೋಳದ ದಂಟಿನ ಬೆಂಡು ಚುಚ್ಚಿ ಕಟ್ಟಿದ ಏನೋ ಒಂದು ಇತ್ತು. ಪೊರಕೆ ಕಡ್ಡಿಯ ಉದ್ದನೆ ಕತ್ತು, ಅದಕ್ಕೆ ನೂಲು. ಕೆಳಗೆ ನಾಲ್ಕೂ ಕಡೆಗೆ ಅಗಲವಾಗಿ ಚಾಚಿದ ಕಾಲುಗಳು. ಮೇಜೋ, ಜಿರಾಫೆಯೋ, ತಿಳಿಯಲಿಲ್ಲ. ಚಿಕ್ಕವಳದೇ ಕೆಲಸ. ತುಳಿದುಬಿಟ್ಟೀತು ಎಂದು ಹಸುವನ್ನು ಈಚೆ ಕಡೆಗೆ ಕಟ್ಟಿ ಬಂದೆ.



ಅಕ್ಟೋಬರ್ ೫, ಭಾನುವಾರ

ಗುರುವಾರ ಹಿರಿಯರ ಹಬ್ಬ. ಅಪ್ಪನಿಗೆ ಎಡೆ ಇಡುವುದು ಪ್ರತಿ ವರ್ಷದ ಪದ್ಧತಿ, ಪಂಚೆ, ಟವೆಲು, ಬೀಡಿ ಕಟ್ಟು. ಈ ವರ್ಷ ಬಿಳಿಗಿರಿಗೂ ಇಡಬೇಕು. ಹೊಸ ಬಟ್ಟೆ ತರಲು ಅಂಗಡಿಗೆ ಹೋದೆ. ಎಷ್ಟು ವಯಸ್ಸಿನ ಹುಡುಗ ಎಂದು ಅಂಗಡಿಯವನು ತಮಿಳಿನಲ್ಲಿ ಕೇಳಿದ. ಹನ್ನೊಂದು ಎನ್ನಬೇಕೋ ಹನ್ನೆರಡು ಎನ್ನಬೇಕೋ ಗೊತ್ತಾಗಲಿಲ್ಲ. ಕೊನೆಗೆ ಅವನೇ ಒಂದು ನೀಲಿ ಅಂಗಿ ತೆಗೆದುಕೊಟ್ಟ. ಸ್ವಲ್ಪ ದೊಡ್ಡದು.

ಅಕ್ಟೋಬರ್ ೯, ಗುರುವಾರ. ಅಮಾವಾಸ್ಯೆ

ಎಡೆ ಇಟ್ಟೆವು. ಎರಡು ಎಲೆ, ಅಪ್ಪನಿಗೊಂದು, ಬಿಳಿಗಿರಿಗೊಂದು. ಅವನ ಎಲೆಗೆ ಕಜ್ಜಾಯ, ಪಾಯಸ, ಸುಟ್ಟ ಕಡಲೆಕಾಯಿ, ನೀಲಿ ಅಂಗಿ. ಕೆಂಚಮ್ಮ ಎಲ್ಲ ಇಟ್ಟು ಹಿಂದೆ ಸರಿದಳು. ನೋಡುತ್ತ ನಿಂತ ನನಗೆ, ಮಗನಿಗೆ ಬಹಳ ಇಷ್ಟವಾದದ್ದೇ ಇಲ್ಲವಲ್ಲ ಅನ್ನಿಸಿತು. ಬೀರು ತೆರೆದು ಕ್ರೇನನ್ನು ಎರಡೂ ಕೈಯಲ್ಲಿ ತಂದು ಅಂಗಿಯ ಪಕ್ಕಕ್ಕೆ ಇಟ್ಟೆ. ಧೂಪ ಹಾಕಿ ಬಾಗಿಲು ಮುಂದೆ ಮಾಡಿ ಎಲ್ಲರೂ ಜಗಲಿಯಲ್ಲಿ ಕೂತೆವು. ಹಿರಿಯರು ಬಂದು ಉಂಡು ಹೋಗಲಿ ಎಂದು ಅವ್ವ ಕೈ ಮುಗಿದಳು.

ಬಾಗಿಲು ತೆಗೆದ ಮೇಲೆ ಪದ್ಧತಿಯಂತೆ ಹಂಚಿದ್ದಾಯಿತು. ಅಪ್ಪನ ಪಂಚೆ ನಾನು ಉಟ್ಟೆ. ಗಂಡುಹುಡುಗರಿಲ್ಲದ ಮನೆ, ನೀಲಿ ಅಂಗಿಯನ್ನು ಅವ್ವ ಚಿಕ್ಕವಳಿಗೇ ತೊಡಿಸಿದಳು. ಮೊಣಕಾಲಿನವರೆಗೆ ಬಂತು. ನಾನು ಕ್ರೇನನ್ನು ಎತ್ತಿಕೊಂಡು ಬೀರುವಿನ ಕಡೆ ಹೊರಟೆ.

"ಎಲ್ಲಿಗ್ಲಾ ತಕ್ಕಂಡೋಯ್ತಾ ಇದ್ದೀಯೆ?" ಎಂದಳು ಅವ್ವ.

ಒಳಗಿಡುತ್ತೇನೆ ಎಂದೆ.

"ಎಡೆಗಿಕ್ಕಿದ್ದ ತಿರ್ಗಾ ಬೀಗ ಆಕಿ ಮಡಗ್ತಾರಾ? ಇಕ್ಕಿದ್ ಮ್ಯಾಲೆ ಅದು ಅವನ್ದಲ್ಲ ಕಣಪ್ಪ. ಅವನು ಉಂಡು ಎದ್ದೋದ. ಇನ್ ಇರೋರು ಉಣ್ಬೇಕು, ಇರೋರು ಉಡ್ಬೇಕು. ಯಾರೂ ಮುಟ್ಟದೆ ಬುಟ್ರೆ ಒಪ್ಪುಸ್ಕೊಂಡಿಲ್ಲ ಅಂತ ಅವನು ಬಾಗ್ಲಲ್ಲೇ ನಿಂತಿರ್ತಾನೆ."

ಇದು ಊಟವೂ ಅಲ್ಲ ಬಟ್ಟೆಯೂ ಅಲ್ಲ ಎಂದೆ. ನೀನೇ ತಾನೇ ತಂದಿಕ್ಕಿದ್ದು ಎಂದಳು. ಯಾರೂ ನನ್ನ ಕೈ ಹಿಡಿಯಲಿಲ್ಲ, ಆದರೂ ಬೀರುವಿನವರೆಗೆ ಹೋಗಲಿಲ್ಲ. ಕ್ರೇನನ್ನು ತಿರುಗಿ ಎಲೆಯ ಮೇಲೆ ಇಟ್ಟೆ. ಅಲ್ಲೇ ಇದೆ. ಅವನಿಗೆ ಇಷ್ಟ ಎಂದು ಇಟ್ಟದ್ದು ಹೀಗಾಯಿತು. ಎಂಥ ದಡ್ಡ ನಾನು, ಹುಟ್ಟಿದಾಗಿನಿಂದ ನೋಡಿದ ಪದ್ಧತಿ ಒಂದು ಗಳಿಗೆ ಮರೆತುಹೋಯಿತಲ್ಲ.

ಅಕ್ಟೋಬರ್ ೧೦, ಶುಕ್ರವಾರ

ರಜೆ ಹಾಕಿದೆ. ಬೆಳಿಗ್ಗೆ ಒಂದು ಉಪಾಯ ಹೊಳೆಯಿತು. ಗೋಪುರದ ಒಂದೇ ಒಂದು ಬೋಲ್ಟು ಬಿಚ್ಚಿ ಚಿಕ್ಕವಳ ಕೈಗೆ ಕೊಟ್ಟರೆ ಅವ್ವನ ಪದ್ಧತಿ ಮುಗಿಯಿತು, ಮಿಕ್ಕದ್ದು ಬೀರುವಿಗೆ. ಒಂದು ಬೋಲ್ಟಿನಿಂದ ಏನೂ ಬೀಳುವುದಿಲ್ಲ, ಸೇತುವೆ ಕೆಲಸದಲ್ಲಿ ಅಷ್ಟು ಕಲಿತಿದ್ದೇನೆ.

ಜಗಲಿಯಲ್ಲಿ ಕೂತು ಸ್ಕ್ರೂಡ್ರೈವರ್ ಹಾಕಿ ತಿರುಗಿಸಿದೆ. ಬೋಲ್ಟಿನ ಜೊತೆ ಒಳಗಿನ ನಟ್ಟೂ ಸುತ್ತಿತು. ನಟ್ಟನ್ನು ಹಿಡಿಯದೆ ಬೋಲ್ಟು ಬಿಚ್ಚುವುದಿಲ್ಲ. ಗೋಪುರ ಕಿರಿದು, ನಾಲ್ಕು ಮೂಲೆಯ ಪಟ್ಟಿಗಳ ನಡುವೆ ಸ್ಪ್ಯಾನರ್ ಹೋಗುವುದಿಲ್ಲ, ನನ್ನ ಬೆರಳು ಗೆಣ್ಣಿನವರೆಗೂ ಹೋಗಲಿಲ್ಲ. ಬೇರೆ ಬೇರೆ ಕಡೆಯಿಂದ ಪ್ರಯತ್ನಿಸಿದೆ. ಎಲ್ಲ ನಟ್ಟುಗಳೂ ಒಳಗಡೆಗೇ ಇದ್ದವು. ಬಿಳಿಗಿರಿಯದು ನನ್ನ ಹಾಗೆ ದಪ್ಪ ಕೈ. ಅವನ ಬೆರಳಿಗೂ ಇದರೊಳಗೆ ಜಾಗ ಸಾಲದು. ಹಾಗಾದರೆ ಈ ನಟ್ಟುಗಳನ್ನು ಒಳಗೆ ಹಿಡಿದವರು ಯಾರು ಎಂದು ಯೋಚಿಸುತ್ತಿದ್ದಾಗ ನೀಲಿ ಅಂಗಿಯ ಉದ್ದನೆ ತೋಳು ನನ್ನ ಮೊಣಕೈ ಪಕ್ಕದಿಂದ ಬಂತು. ತೋಳು ಮೇಲೆ ಸರಿಸಿಕೊಂಡು ಎರಡು ಬೆರಳನ್ನು ಗೋಪುರದೊಳಗೆ ತೂರಿಸಿದಳು. ನೋಡದೆಯೇ ನಟ್ಟು ಸಿಕ್ಕಿತು ಅವಳಿಗೆ.

"ಇಡ್ಕೊಂಡಿವ್ನಿ. ಈಗ ತಿರುಗ್ಸಪ್ಪ."

ಎರಡು ತಿಂಗಳ ಮೇಲೆ ನನ್ನ ಜೊತೆ ಆಡಿದ ಮಾತು. ತಿರುಗಿಸಿದೆ. ಬೋಲ್ಟು ಸಲೀಸಾಗಿ ಬಂತು.

"ಇದೆಲ್ಲ ನೀನಾ ಹಿಡಿದದ್ದು?" ಎಂದೆ.

"ಅಣ್ಣ ತಿರುಗುಸ್ತಿದ್ದ, ನಾನ್ ಒಳಗ್ಲಿಂದ ಇಡ್ಕತಿದ್ದೆ. ನಿನ್ ಬೆಳ್ಳು ಇಲ್ದಿದ್ರೆ ಆಗಲ್ಲ ಕಣಮ್ಮಿ ಅಂತಿದ್ದ." ಬೋಲ್ಟನ್ನು ಅಂಗೈಯಲ್ಲಿ ಉರುಳಿಸುತ್ತ ಇನ್ನೂ ಹೇಳಿದಳು. "ಇದ್ರಲ್ಲಿ ಅಜ್ಜಿ ಕುಟ್ಟಾಣಿ ಎತ್ತಕ್ ಓದ್ರೆ ಕ್ರೇನು ಮಕಾಡೆ ಬಿದ್ಬುಡ್ತು. ಅಯ್ಯೊ, ಕಾಲು ಇಕ್ಕದ ಮರ್ತ್‌ಬುಟ್ಟೆ, ಪೂರಾ ತಪ್ಪಾಗದೆ, ನಾಳೆ ಎಲ್ಲಾನೂ ಬಿಚ್ಚಿ ಕಟ್ಟಮ ಅಂದ. ಮಾರ್ನೆ ಬೆಳಿಗ್ಗೆ ಅವನ್ಗೆ ಜರ ಬಂದ್ಬುಡ್ತು."

ಬಿಚ್ಚಬೇಕು ಅಂದಿದ್ದ. ನಾನು ಒಂಬತ್ತು ತಿಂಗಳು ಬೀಗ ಹಾಕಿ ಕಾದದ್ದು ಅವನು ತಪ್ಪಾಯಿತು ಎಂದು ಬಿಟ್ಟು ಮಲಗಿದ್ದನ್ನು. ವಾಲಿದ್ದು ನನಗೂ ಕಂಡಿತ್ತು, ಮರದ ತುಂಡು ಕೊಟ್ಟು ಸುಮ್ಮನಾಗಿದ್ದೆ.

"ನನಗೆ ಯಾಕೆ ಹೇಳಲಿಲ್ಲ?" ಎಂದೆ.

"ಏಳಕ್ ಬಂದಿದ್ನಲ್ಲ" ಎಂದಳು. ದೂರಿನ ದನಿಯಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ.

ಅವಳನ್ನು ತಬ್ಬಿಕೊಂಡು ಅತ್ತೆ. ಮಣ್ಣು ಕೊಟ್ಟ ದಿನವೂ ನಾನು ಹಾಗೆ ಅತ್ತಿರಲಿಲ್ಲ. ಅಂಗಡಿಯ ವಾಸನೆ ಹೋಗದ ಹೊಸ ಬಟ್ಟೆ, ಅದರೊಳಗೆ ಇಷ್ಟೇ ಇಷ್ಟು ಮೈ. ಇಷ್ಟು ಇಳಿದುಹೋಗಿದ್ದಾಳೆಂದು ನನಗೆ ಗೊತ್ತಿರಲಿಲ್ಲ. ಅವಳು, "ಅಪ್ಪ, ಬೋಲ್ಟು ಬಿದ್ದೋಯ್ತದೆ, ಬುಡು" ಎಂದಳು.

ಮಧ್ಯಾಹ್ನದವರೆಗೆ ಬಿಚ್ಚಿದೆವು. ನಾನು ತಿರುಗಿಸಿದೆ, ಪುಟ್ಟಿ ಹಿಡಿದಳು. ತುಕ್ಕು ಹಿಡಿದ ಪಟ್ಟಿಗಳನ್ನು ಎಣ್ಣೆ ಬಟ್ಟೆಯಿಂದ ತಿಕ್ಕಿ ಬಿಸಿಲಿಗೆ ಸಾಲಾಗಿ ಇಟ್ಟೆವು. ಅವ್ವ ಗೋಡೆಗೆ ಒರಗಿ ಎಲೆ ಅಡಿಕೆ ಕುಟ್ಟುತ್ತ ನೋಡುತ್ತಿದ್ದಳು, ಕುಟ್ಟಾಣಿ ಸೊಟ್ಟಗಾದ ವಿಷಯ ಎತ್ತಲಿಲ್ಲ. ಪುಟ್ಟಿ ಇಡೀ ಮುದ್ದೆ ಉಂಡಳು.

ಅಕ್ಟೋಬರ್ ೧೨, ಭಾನುವಾರ

ನಿನ್ನೆ ಇವತ್ತು ಎರಡೂ ದಿನ ಅದೇ ಕೆಲಸ. ಕಾಲು ಹೇಗಿರಬೇಕೆಂದು ನಾನು ಹೇಳಲು ಹೊರಟರೆ ಪುಟ್ಟಿ ಕೊಟ್ಟಿಗೆಗೆ ಓಡಿ ಬೆಂಡಿನದನ್ನು ತಂದು ಮುಂದಿಟ್ಟಳು. ನೋಡಿದೆ. ಮೇಜೂ ಅಲ್ಲ, ಜಿರಾಫೆಯೂ ಅಲ್ಲ. ಅದರಂತೆಯೇ ನಾಲ್ಕು ಕಾಲು ಕೂಡಿಸಿದೆವು, ಉದ್ದನೆ ಪಟ್ಟಿಗಳನ್ನೆಲ್ಲ ಬುಡಕ್ಕೇ ಹಾಕಬೇಕಾಯಿತು. ಗೋಪುರ ಮೊದಲಿಗಿಂತ ಗಿಡ್ಡ. ನೋಡಲು ಅಷ್ಟು ಚೆನ್ನಾಗಿಲ್ಲ.

ಸಂಜೆ ಎಲ್ಲರೂ ಜಗಲಿಯಲ್ಲಿದ್ದೆವು. ಪುಟ್ಟಿ ಅವ್ವನ ಕೈಯಿಂದ ಕುಟ್ಟಾಣಿ ಇಸಿದುಕೊಂಡು ದಾರ ಸುತ್ತಿ ಕೊಕ್ಕೆಗೆ ಸಿಕ್ಕಿಸಿದಳು. "ಬೀಳ್ಸಿ ಇನ್ನಷ್ಟ್ ಸೊಟ್ಟ ಮಾಡ್ಬುಟ್ಟೀಯೆ ಕಣೆ" ಎಂದಳು ಅವ್ವ, ಆದರೆ ವಾಪಸು ಕೇಳಲಿಲ್ಲ. ಪುಟ್ಟಿ ಹಿಡಿಕೆ ತಿರುಗಿಸಿದಳು. ದಾರ ಬಿಗಿಯಿತು, ತೋಳು ಕಿರ್ ಎಂದಿತು, ಕುಟ್ಟಾಣಿ ನೆಲ ಬಿಟ್ಟು ಮೇಲೆದ್ದಿತು. ಕ್ರೇನು ಕದಲಲಿಲ್ಲ. ಕೆಂಚಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಪುಟ್ಟಿ ಕುಟ್ಟಾಣಿಯನ್ನು ಮೆಲ್ಲಗೆ ಇಳಿಸಿ ಬಾಗಿಲ ಕಡೆಗೊಮ್ಮೆ ನೋಡಿದಳು. ಯಾರನ್ನು ಎಂದು ಕೇಳಲಿಲ್ಲ. ನಾನೂ ನೋಡಿದೆ.

"ಅಪ್ಪ, ನಾಳೆ ಇದ ಬಿಚ್ಚಿ ಸೇತ್ವೆ ಕಟ್ಟಮಾ?" ಎಂದಳು.

ಸ್ಕೂಲಿನಿಂದ ಬಾ, ಕಟ್ಟೋಣ ಎಂದೆ. ಬರುವ ಭಾನುವಾರ ಘಾಟಿಯ ದೊಡ್ಡ ಮೋರಿ ಕೆಲಸ ನೋಡಲು ಅವಳನ್ನೂ ಕರೆದುಕೊಂಡು ಹೋಗಬೇಕು. ಲಿಂಗಯ್ಯನಿಗೆ ಹಳೆ ಪಟ್ಟಿ ಎಲ್ಲಾದರೂ ಸಿಕ್ಕರೆ ತರಲು ಹೇಳಬೇಕು, ಸೇತುವೆಗೆ ಸಾಲುವುದಿಲ್ಲ.

ಇಷ್ಟು ಬರೆಯುವಾಗ ನೆನಪಾಯಿತು, ಕ್ರೇನು ಜಗಲಿಯಲ್ಲೇ ಉಳಿದಿದೆ. ಇರಲಿ.